ಪ್ರತಿಕ್ರಿಯೆ: ಸೆರಾಮಿಕ್ ಶಿಲ್ಪಗಳನ್ನು ತೋಟದಲ್ಲೇ ಬಿಡಬಹುದೇ?

ನಿಮ್ಮ ಸೆರಾಮಿಕ್ ಶಿಲ್ಪಗಳನ್ನು ಮನೆಯ ತೋಟದಲ್ಲಿ ವರ್ಷವಿಡೀ ಇಡಬಹುದೇ ಎಂದು ಕೇಳಿದ್ದೀರಿ. ಅವನ್ನು ಎಷ್ಟು ಶಾಖದಲ್ಲಿ ಸುಟ್ಟಿದ್ದೀರಿ ಎಂಬುದೇ ಇಲ್ಲಿ ಮುಖ್ಯ. 1200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಚೆನ್ನಾಗಿ ಸುಟ್ಟ ಸ್ಟೋನ್‌ವೇರ್ (ಕಲ್ಲಿನಂತೆ ಗಟ್ಟಿಯಾದ ಸೆರಾಮಿಕ್) ನೀರನ್ನು ಅಷ್ಟಾಗಿ ಹೀರುವುದಿಲ್ಲ. ಕಡಿಮೆ ಶಾಖದ ಟೆರಾಕೋಟಾ ಹೀರುತ್ತದೆ. ಆ ನೀರು ಹೆಪ್ಪುಗಟ್ಟಿದರೆ ಸುಮಾರು ಶೇ. 9ರಷ್ಟು ಹಿಗ್ಗಿ ಮಣ್ಣನ್ನು ಒಳಗಿನಿಂದಲೇ ಸೀಳುತ್ತದೆ. ಮೇಲೆ ಗ್ಲೇಜ್ (ಗಾಜಿನಂಥ ಲೇಪ) ಇದೆಯೆಂದು ನಿಶ್ಚಿಂತರಾಗಬೇಡಿ. ಬುಡಕ್ಕೆ ಸಾಮಾನ್ಯವಾಗಿ ಗ್ಲೇಜ್ ಇರುವುದಿಲ್ಲ, ತೇವ ಅಲ್ಲಿಂದಲೇ ಏರುತ್ತದೆ. ಅನುಮಾನವಿದ್ದರೆ ಅದೇ ಮಣ್ಣಿನ, ಅದೇ ಶಾಖದಲ್ಲಿ ಸುಟ್ಟ ಚೂರೊಂದನ್ನು ಒಣಗಿದ್ದಾಗ ತೂಗಿ, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು, ಒರೆಸಿ ಮತ್ತೆ ತೂಗಿ. ತೂಕ ಎದ್ದು ಕಾಣುವಷ್ಟು ಹೆಚ್ಚಿದ್ದರೆ ಹಿಮ ಬೀಳುವ ಕಾಲಕ್ಕೆ ಒಳಗಿಡಿ.

ಟೊಳ್ಳಾದ ಕೃತಿಗಳ ತಳದಲ್ಲಿ ನೀರು ಇಳಿಯಲು ರಂಧ್ರವಿರಲಿ, ಕೆಳಗೆ ಕಲ್ಲಿನ ಪೀಠವಿರಲಿ.

ಜಾಗದ ಆಯ್ಕೆಗೆ ಬ್ರಿಟಿಷ್ ಶಿಲ್ಪಿ ಬಾರ್ಬರಾ ಹೆಪ್‌ವರ್ತ್ ಅವರ, ಇಂಗ್ಲೆಂಡಿನ ಸೇಂಟ್ ಐವ್ಸ್ ಊರಿನಲ್ಲಿರುವ ತೋಟದ ಚಿತ್ರಗಳನ್ನು ದಯವಿಟ್ಟು ನೋಡಿ. 1976ರಿಂದ ಅದು ವಸ್ತುಸಂಗ್ರಹಾಲಯ. ಅಲ್ಲಿ ಅವರ ಶಿಲ್ಪದ ರಂಧ್ರದೊಳಗಿನಿಂದ ಎಲೆ, ಆಕಾಶ ಕಾಣುವುದು ಎಷ್ಟು ಸೊಗಸು! ಹೂಗಳ ನಡುವೆ ಬಣ್ಣದ ಗ್ಲೇಜ್ ಕಳೆದುಹೋಗುತ್ತದೆ ಎಂಬುದು ನನ್ನ ಅಭಿಪ್ರಾಯ. ಹಿಂದೆ ದಟ್ಟ ಹಸಿರು ಇರಲಿ, ಬೆಳಕು ಪಕ್ಕದಿಂದ ಬೀಳಲಿ. ಎಲ್ಲವನ್ನೂ ಒಮ್ಮೆಲೇ ಜೋಡಿಸದೆ, ಮೊದಲು ಒಂದನ್ನಿಟ್ಟು ಬೆಳಿಗ್ಗೆ, ಸಂಜೆ ನೋಡಿ.