ಓಮ್ನಿ ಮೈಲೇಜ್: ಇಂಜೆಕ್ಟರ್‌ಗೆ ಕೈ ಹಾಕುವ ಮುಂಚೆ

ಶಿರಸಿಯ ನಿಮ್ಮ 2006ರ ಓಮ್ನಿ ಲೀಟರ್‌ಗೆ 15 ಕಿ.ಮೀ. ಕೊಡುತ್ತಿದ್ದದ್ದು ಈಗ 10ಕ್ಕೆ ಇಳಿದಿದೆ, ಇಂಜೆಕ್ಟರ್ (ಎಂಜಿನ್‌ಗೆ ಪೆಟ್ರೋಲ್ ಸಿಂಪಡಿಸುವ ಭಾಗ) ಬದಲಿಸಬೇಕಾ ಎಂದು ಕೇಳಿದ್ದೀರಿ. ಅವಸರ ಬೇಡ. ಮೊದಲು ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡಿ ಲೆಕ್ಕ ಹಾಕಿ. ದೇವಿಮನೆ ಘಟ್ಟ ಇಳಿದದ್ದು, ಹತ್ತಿದ್ದು ಎರಡೂ ಸೇರಲಿ.

ನನ್ನ ಅನುಮಾನ ಬ್ರೇಕ್ ಮೇಲೆ. ಮಳೆಗಾಲದಲ್ಲಿ ನಿಂತ ಗಾಡಿಯ ಹಿಂದಿನ ಚಕ್ರದ ಬ್ರೇಕ್ ಡ್ರಮ್ ತುಕ್ಕು ಹಿಡಿದರೆ, ಅದನ್ನು ಒಳಗಿನಿಂದ ಒತ್ತುವ ಶೂ ಪೂರ್ತಿ ಬಿಡುವುದಿಲ್ಲ; ಬ್ರೇಕ್ ಸ್ವಲ್ಪ ಹಿಡಿದೇ ಇದ್ದು ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಸಮತಟ್ಟು ರಸ್ತೆಯಲ್ಲಿ ಹತ್ತು ಕಿ.ಮೀ. ಓಡಿಸಿ, ಬ್ರೇಕ್ ಜಾಸ್ತಿ ಒತ್ತದೆ ನಿಲ್ಲಿಸಿ. ಒಂದೇ ಚಕ್ರ ಬಿಸಿಯಾಗಿದ್ದರೆ ಕಳ್ಳ ಸಿಕ್ಕಿದ ಹಾಗೆ. ಮುಟ್ಟುವಾಗ ಹುಷಾರು.

ಅದಲ್ಲದಿದ್ದರೆ ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವ ತನಕ ರೇಡಿಯೇಟರ್‌ಗೆ ನೀರು ಹೋಗದಂತೆ ತಡೆಯುವ ವಾಲ್ವ್) ಜಾಗದಲ್ಲಿದೆಯಾ ನೋಡಿ. ನನ್ನ ಗಾಡಿಯದನ್ನು ಮೆಕ್ಯಾನಿಕ್ ಒಬ್ಬ ‘ಘಟ್ಟದಲ್ಲಿ ಹೀಟ್ ಆಗಲ್ಲ’ ಎಂದು ಸುಮ್ನೆ ಕಿತ್ತು ಹಾಕಿದ್ದ! ಎಂಜಿನ್ ತಣ್ಣಗೇ ಉಳಿದರೆ ಇಂಜೆಕ್ಟರ್ ಜಾಸ್ತಿ ಪೆಟ್ರೋಲ್ ಬಿಡುತ್ತದೆ. ಏರ್ ಫಿಲ್ಟರ್, ಪ್ಲಗ್, ಟೈರ್ ಗಾಳಿ ನೋಡಿಸಿದ್ದೀರಿ, ಅಲ್ವಾ?