ನಾವು ಮಾಡದ ಸಾಲ, ನಾವೇಕೆ ತೀರಿಸಬೇಕು?

ಟೆಕ್ಸಾಸ್‌ನ ಹ್ಯೂಸ್ಟನ್ ಪಕ್ಕದ ಕೇಟಿಯಿಂದ ಓದುಗರೊಬ್ಬರು ಬರೆದಿದ್ದಾರೆ: "ಹೊಸ ಬಡಾವಣೆಯಲ್ಲಿ ಮನೆ ಕೊಂಡೆವು. ತೆರಿಗೆ ಬಿಲ್ಲಿನಲ್ಲಿ ಕೌಂಟಿ, ಶಾಲೆಯ ಜೊತೆಗೆ 'ಮಡ್' ಅಂತ ಇನ್ನೊಂದಿದೆ. ನೀರಿನ ಬಿಲ್ಲು ಬೇರೆ ಕಟ್ಟುತ್ತೇವೆ. ಕೇಳಿದರೆ ಹಳೇ ಬಾಂಡ್ ಸಾಲ ಅಂತಾರೆ. ನಾವು ಮಾಡದ ಸಾಲ, ನಾವೇಕೆ ತೀರಿಸಬೇಕು?"

ಸಂಪಾದಕರ ಉತ್ತರ:

ಸಾಲ ನೀವು ಮಾಡಿಲ್ಲ, ನಿಜ. ಆದರೆ ಆ ದುಡ್ಡಿನ ಪೈಪೇ ನಿಮ್ಮ ಅಡುಗೆಮನೆ ನಲ್ಲಿಗೆ ಬಂದಿರುವುದು.

ಹೆಸರು ಕೇಳಿ ಕೆಸರು ಅಂದುಕೊಳ್ಳಬೇಡಿ. ಮಡ್ (MUD) ಅಂದರೆ ಮುನ್ಸಿಪಲ್ ಯುಟಿಲಿಟಿ ಡಿಸ್ಟ್ರಿಕ್ಟ್, ನೀರು, ಒಳಚರಂಡಿ ನೋಡಿಕೊಳ್ಳುವ, ಐದು ಜನ ನಿರ್ದೇಶಕರ ಒಂದು ಪುಟ್ಟ ಸರ್ಕಾರ. ಊರಿನ ನೀರು, ಒಳಚರಂಡಿ ತಲುಪದ ಬಯಲಲ್ಲಿ ಡೆವಲಪರ್ ಮೊದಲು ತನ್ನ ಕೈಯಿಂದ ಪೈಪು, ಮೋರಿ ಹಾಕಿಸುತ್ತಾನೆ. ಮನೆಗಳು ಎದ್ದ ಮೇಲೆ ಮಡ್ ಬಾಂಡ್ ಮಾರಿ, ಅಂದರೆ ಬಡ್ಡಿ ಕೊಡುವ ಸಾಲಪತ್ರ ಮಾರಿ, ಅವನ ದುಡ್ಡು ವಾಪಸ್ ಕೊಡುತ್ತದೆ. ಇದಕ್ಕೆ ರಾಜ್ಯದ ಪರಿಸರ ಆಯೋಗದ ಒಪ್ಪಿಗೆ ಬೇಕು. ಬಾಂಡ್ ಕೊಂಡವರಿಗೆ ಬರುವ ಬಡ್ಡಿಗೆ ಸಾಮಾನ್ಯವಾಗಿ ಫೆಡರಲ್ ಆದಾಯ ತೆರಿಗೆ ಇಲ್ಲ. ಹಾಗಾಗಿ ಅವರು ಕಡಿಮೆ ಬಡ್ಡಿಗೂ ಒಪ್ಪುತ್ತಾರೆ.

ಅಸಲು, ಬಡ್ಡಿ ಎರಡೂ ಹುಟ್ಟುವುದು ನಿಮ್ಮ ತೆರಿಗೆಯಿಂದ. ಸುಮ್ನೆ ಲೆಕ್ಕ ಹಾಕಿ: ಮನೆಯ ಬೆಲೆಯ ಪ್ರತಿ 100 ಡಾಲರ್‌ಗೆ 80 ಸೆಂಟ್ ದರವಿದ್ದರೆ, 4 ಲಕ್ಷ ಡಾಲರ್ ಮನೆಗೆ ವರ್ಷಕ್ಕೆ 3,200 ಡಾಲರ್. ನೀರಿನ ಬಿಲ್ಲು ನೀವು ಬಳಸಿದ ನೀರಿಗೆ. ಮಡ್ ತೆರಿಗೆ ಹೆಚ್ಚಾಗಿ ಪೈಪು ಹೂಳಿದ ಸಾಲಕ್ಕೆ. 1997ರಲ್ಲಿ ಬೆಂಗಳೂರು ಮಹಾನಗರ ಪಾಲಿಕೆ 125 ಕೋಟಿ ರೂಪಾಯಿ ಬಾಂಡ್ ತಂದಾಗ ರಾಜ್ಯ ಸರ್ಕಾರ ಜಾಮೀನು ನಿಂತಿತ್ತು. ನಿಮ್ಮಲ್ಲಿ ಜಾಮೀನು ನಿಂತಿರುವುದು ನಿಮ್ಮ ಮನೆಗಳೇ.

ನನಗೆ ಸರಿ ಕಾಣದ್ದು ಮತದಾನ. ಬಾಂಡ್‌ಗೆ ಮತದಾರರ ಒಪ್ಪಿಗೆ ಬೇಕೇಬೇಕು. ಆದರೆ ಆಗ ಅಲ್ಲಿ ಮನೆಗಳೇ ಇರುವುದಿಲ್ಲ ಅಲ್ವಾ? ಖಾಲಿ ಜಾಗದಲ್ಲಿ ಟ್ರೈಲರ್ ನಿಲ್ಲಿಸಿ, ಅದರಲ್ಲಿ ಒಬ್ಬಿಬ್ಬರನ್ನು ಇರಿಸಿ, ಅವರಿಂದಲೇ ಕೋಟಿಗಟ್ಟಲೆ ಡಾಲರ್ ಸಾಲಕ್ಕೆ 'ಹೌದು' ಅನ್ನಿಸಿದ ಉದಾಹರಣೆಗಳು ಟೆಕ್ಸಾಸ್‌ನಲ್ಲಿವೆ. ಕಾನೂನಿಗೆ ಅದು ಸರಿ. ಮುಂದೆ ತೀರಿಸುವವರು ಆ ಹೊತ್ತಿಗೆ ಊರಲ್ಲೇ ಇಲ್ಲ.

ಮನೆಗಳು ಹೆಚ್ಚಿದಂತೆ ಹೊರೆ ಹಂಚಿಹೋಗಿ ದರ ಇಳಿಯಬಹುದು. ಹೊಸ ಬಾಂಡ್ ಬಂದರೆ ಇಳಿಯದೆಯೂ ಇರಬಹುದು. ಮನೆ ಕೊಳ್ಳುವಾಗ ಸಹಿ ಹಾಕಿದ ಕಾಗದಗಳಲ್ಲಿ ಮಡ್ ಬಗ್ಗೆ ಒಂದು ನೋಟೀಸ್ ಇರಬೇಕು. ಹುಡುಕಿ ತೆಗೆಯಿರಿ. ಒಟ್ಟು ಎಷ್ಟು ಬಾಂಡ್‌ಗೆ ಒಪ್ಪಿಗೆ ಇದೆ, ಎಷ್ಟು ಮಾರಿದ್ದಾರೆ ಅಂತ ಅದರಲ್ಲಿ ಬರೆದಿರುತ್ತದೆ. ಕಳೆದು ನೋಡಿ. ಉಳಿದದ್ದು ಇನ್ನೂ ಬರಬಹುದಾದ ಸಾಲ.