ಮುಂಡರಗಿಯ ಬೋರ್ ನೀರಿಗೆ ಯುವಿ ಸಾಕಾಗಲ್ಲ

ನಿಮ್ಮ ಮಗಳ ಹಲ್ಲಿನ ಕಂದು ಕಲೆಗೆ ಬಹುಶಃ ಬೋರ್ ನೀರಿನ ಫ್ಲೋರೈಡ್ ಕಾರಣ. ಗದಗ ಜಿಲ್ಲೆಯ ಮುಂಡರಗಿ ಕಡೆ ಇದು ಹಳೇ ತೊಂದರೆ. ಬೇರೆ ಕಾರಣವೂ ಇರಬಹುದು, ಹಲ್ಲಿನ ಡಾಕ್ಟರಿಗೆ ಒಮ್ಮೆ ತೋರಿಸಿ. ಯುವಿ (ನೇರಳಾತೀತ ಬೆಳಕಿನ) ಫಿಲ್ಟರ್ ಸಾಕಾ ಅಂತ ಕೇಳಿದ್ದೀರಿ. ಸಾಕಾಗಲ್ಲ, ಅದು ಕ್ರಿಮಿಗಳನ್ನು ಮಾತ್ರ ಕೊಲ್ಲುತ್ತದೆ. ಕುದಿಸಿದರೂ ಫ್ಲೋರೈಡ್ ಹೋಗುವುದಿಲ್ಲ.

ಮೊದಲು ನೀರನ್ನು ಲ್ಯಾಬಿಗೆ ಕೊಡಿ. ಫ್ಲೋರೈಡ್, ಗಡಸುತನ, ಟಿಡಿಎಸ್ (ನೀರಿನಲ್ಲಿ ಕರಗಿರುವ ಒಟ್ಟು ಲವಣಾಂಶ) ಮೂರೂ ನೋಡಿಸಿ. ಅಂಗಡಿಯವರು ಅದ್ದಿ ತೋರಿಸುವ ಟಿಡಿಎಸ್ ಮೀಟರ್ ಫ್ಲೋರೈಡ್ ಎಷ್ಟಿದೆ ಅಂತ ಹೇಳುವುದಿಲ್ಲ. ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ದಾಟಿದ್ದರೆ ಆರ್‌ಓ (ಸೂಕ್ಷ್ಮ ಪೊರೆಯ ಮೂಲಕ ನೀರು ಸೋಸುವ ಯಂತ್ರ) ಹಾಕಿಸಿ. ಅದರಲ್ಲಿ ಟಿಡಿಎಸ್ ಕಂಟ್ರೋಲರ್ (ಸೋಸಿದ ನೀರಿಗೆ ಸ್ವಲ್ಪ ಬೋರ್ ನೀರು ಬೆರೆಸುವ ವಾಲ್ವ್) ಇದ್ದರೆ, ಫಿಟ್ ಮಾಡುವಾಗಲೇ ಎದುರು ನಿಂತು ಪೂರ್ತಿ ಮುಚ್ಚಿಸಿ. ನಮ್ಮನೆಯಲ್ಲೂ ಹಾಗೇ ಮಾಡಿಸಿದ್ದೇವೆ. ಇಲ್ಲದಿದ್ದರೆ ಬೋರ್ ನೀರು ಮತ್ತೆ ಬೆರೆಯುತ್ತದೆ, ದುಡ್ಡು ಸುಮ್ನೆ ಹೋಗುತ್ತದೆ. ಅಡುಗೆಗೂ ಆರ್‌ಓ ನೀರನ್ನೇ ಬಳಸಿ. ಹಾಕಿಸಿದ ಮೇಲೆ ಆರ್‌ಓ ನೀರನ್ನೂ ಲ್ಯಾಬಿಗೆ ಕೊಡಿ.